ಹೆಡ್ ಕ್ಲೀನಿಂಗ್ ಬಟನ್ ಒತ್ತೋ ಮೊದಲು

ಪ್ರಾಜೆಕ್ಟ್ ರಿಪೋರ್ಟ್ ಸಬ್ಮಿಶನ್‌ನ ಹಿಂದಿನ ರಾತ್ರಿ, ಹನ್ನೊಂದು ಗಂಟೆ. ನಾಲ್ಕು ಜನ ದುಡ್ಡು ಹಾಕಿ ತಗೊಂಡಿದ್ದ ಇಂಕ್ ಟ್ಯಾಂಕ್ ಪ್ರಿಂಟರ್ ನಮ್ಮ ರೂಮಲ್ಲೇ ಇತ್ತು. ಹಾಗಾಗಿ ಜೆರಾಕ್ಸ್ ಅಂಗಡಿ ಮುಂದೆ ಕ್ಯೂ ನಿಲ್ಲೋ ಗೋಳು ನಮಗಿಲ್ಲ ಅಂತ ಆರಾಮಾಗಿದ್ವಿ. ಮೊದಲ ಹತ್ತು ಪುಟ ಬರೀ ಅಕ್ಷರ, ಚೆನ್ನಾಗಿ ಬಂತು. ಹನ್ನೊಂದನೇ ಪುಟದಲ್ಲಿ ಮೊದಲ ಗ್ರಾಫ್. ಸ್ಕ್ರೀನ್ ಮೇಲೆ ಕೆಂಪು ಗೆರೆ, ನೀಲಿ ಗೆರೆ. ಕಾಗದದ ಮೇಲೆ ಹಳದಿ ಗೆರೆ, ತಿಳಿನೀಲಿ ಗೆರೆ. ಮಜೆಂಟಾ ಮಾಯ! ಗ್ರಾಫ್ ಕೆಳಗೆ ಮಾತ್ರ ‘ಕೆಂಪು ಗೆರೆ ಪ್ರಯೋಗದ ಫಲಿತಾಂಶ’ ಅಂತ ಗಂಭೀರವಾಗಿ ಅಚ್ಚಾಗಿತ್ತು.

ಆಮೇಲೆ ನಾವು ಮಾಡಿದ್ದನ್ನೆಲ್ಲ ಯಾವುದೇ ಹಾಸ್ಟೆಲ್ ರೂಮಿನಲ್ಲೂ ಮಾಡ್ತಾರೆ. ಕಂಪ್ಯೂಟರಿನಲ್ಲಿ ‘ಹೆಡ್ ಕ್ಲೀನಿಂಗ್’ ಅಂತ ಒಂದು ಬಟನ್ ಇತ್ತು, ಒತ್ತಿದ್ವಿ. ಸರಿ ಹೋಗಲಿಲ್ಲ. ಮತ್ತೆ ಒತ್ತಿದ್ವಿ. ಏಳು ಸಲ ಒತ್ತೋ ಹೊತ್ತಿಗೆ ಟ್ಯಾಂಕಿನಲ್ಲಿ ಶಾಯಿ ಒಂದು ಬೆರಳು ಇಳಿದಿತ್ತು. ಮೊದಲು ಮಜೆಂಟಾ ಮಾತ್ರ ಇರಲಿಲ್ಲ, ಈಗ ಹಳದಿಯೂ ಅಲ್ಲಲ್ಲಿ ಕಾಣೆ. ಆಗ ನಮ್ಮ ರೂಮಿನ ಮೆಕ್ಯಾನಿಕಲ್‌ನವನು, “ಮಗಾ, ಇದು ಪೈಪ್ ಬ್ಲಾಕ್ ಅಷ್ಟೇ, ಪ್ರೆಶರ್ ಕೊಟ್ರೆ ಹೋಗುತ್ತೆ” ಅಂದ. ಮೆಡಿಕಲ್ ಶಾಪಿನಿಂದ ತಂದಿಟ್ಟಿದ್ದ ಸಿರಿಂಜಿಗೆ ನಲ್ಲಿ ನೀರು ತುಂಬಿ, ಮಜೆಂಟಾ ಹೋಗುವ ದಾರಿಗೆ ಸಿಕ್ಕಿಸಿ, ಹೆಬ್ಬೆರಳಲ್ಲಿ ಒತ್ತಿದ. ಒಳಗೆ ಏನೋ ಟಿಕ್ ಅಂತು. ಅಲ್ಲಿಂದಾಚೆ ಆ ಪ್ರಿಂಟರಿನಿಂದ ಮಜೆಂಟಾ ಯಾವತ್ತೂ ಬರಲಿಲ್ಲ. ಬರಲಿಲ್ಲ ಅಂದ್ರೆ ಕಾಗದಕ್ಕೆ ಬರಲಿಲ್ಲ, ಟೇಬಲ್ ಮೇಲೆಲ್ಲ ಬಂತು. ಹೊಸ ಹೆಡ್ ಹಾಕಿಸೋದಕ್ಕೆ ಹೇಳಿದ ರೇಟು ಪ್ರಿಂಟರ್ ಬೆಲೆಯ ಅರ್ಧಕ್ಕಿಂತ ಜಾಸ್ತಿ.

ಅವನನ್ನು ಬೈಯೋಕೆ ಇದನ್ನು ಬರೀತಿಲ್ಲ. ಅವತ್ತು ನಾವು ನಾಲ್ಕೂ ಜನ ‘ಪೈಪ್ ಬ್ಲಾಕ್’ ಅಂತಲೇ ಅಂದುಕೊಂಡಿದ್ವಿ. ತಪ್ಪಾಗಿದ್ದೇ ಅಲ್ಲಿ. ಪ್ರಿಂಟ್ ಹೆಡ್ ಪೈಪಿನ ಥರ ಕೆಲಸ ಮಾಡೋದಿಲ್ಲ, ಪೈಪಿನ ಥರ ಬ್ಲಾಕ್ ಆಗೋದೂ ಇಲ್ಲ.

ಒಳಗೆ ಏನಿದೆ

ಕಾಗದದ ಕಡೆ ಮುಖ ಮಾಡಿರುವ ಒಂದು ಚಿಕ್ಕ ತಟ್ಟೆ. ಅದರಲ್ಲಿ ಪ್ರತಿ ಬಣ್ಣಕ್ಕೂ ಸಾಲಾಗಿ ನೂರಾರು ತೂತು. ಇವಕ್ಕೆ ನಾಜಲ್ ಅಂತೀವಿ. ಒಂದೊಂದು ತೂತೂ ಸುಮಾರು 20 ಮೈಕ್ರಾನ್ ಅಗಲ ಅಂದುಕೊಳ್ಳಿ. ನಮ್ಮ ತಲೆಕೂದಲು ಹೆಚ್ಚುಕಡಿಮೆ 70 ಮೈಕ್ರಾನ್. ಅಂದ್ರೆ ಪಿನ್ನು, ಸೂಜಿ ಹಾಕಿ ಚುಚ್ಚೋ ಯೋಚನೆಯನ್ನು ಇಲ್ಲೇ ಬಿಟ್ಟುಬಿಡಿ. ಒಂದು ಸಲಕ್ಕೆ ಹೊರಬರುವ ಹನಿ ಕೆಲವು ಪಿಕೊಲೀಟರ್ ಮಾತ್ರ. 4 ಪಿಕೊಲೀಟರ್ ಹನಿಯ ವ್ಯಾಸ ಲೆಕ್ಕ ಹಾಕಿದ್ರೆ ಸರಿಸುಮಾರು 20 ಮೈಕ್ರಾನೇ ಬರುತ್ತೆ. ಒಂದು ಮಿಲಿಲೀಟರ್ ಶಾಯಿಯಲ್ಲಿ ಅಂಥ ಹನಿ 25 ಕೋಟಿ.

ಈ ಹನಿಯನ್ನು ತಳ್ಳೋಕೆ ಎರಡು ದಾರಿ ಇದೆ. ಕ್ಯಾನನ್, ಎಚ್‌ಪಿ ಮನೆಬಳಕೆ ಪ್ರಿಂಟರುಗಳಲ್ಲಿ ಇರೋದು ಶಾಖದ ದಾರಿ. ನಾಜಲ್ ಹಿಂದೆ ಒಂದು ಪುಟಾಣಿ ಹೀಟರ್ ಇರುತ್ತೆ, ಕೆಲವೇ ಮೈಕ್ರೋಸೆಕೆಂಡಿನಲ್ಲಿ ಅದರ ಮೇಲ್ಮೈ ಸುಮಾರು 300 ಡಿಗ್ರಿಗೆ ಏರುತ್ತೆ. ಅಲ್ಲಿ ತೆಳ್ಳನೆ ಪದರ ಶಾಯಿ ಆವಿಯಾಗಿ ಗುಳ್ಳೆಯಾಗುತ್ತೆ, ಗುಳ್ಳೆ ಮುಂದಿನ ಶಾಯಿಯನ್ನು ಹೊರಗೆ ತಳ್ಳುತ್ತೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಅಕಸ್ಮಾತ್ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ, ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು, ಅಲ್ಲಿಂದ ಈ ಐಡಿಯಾ ಬಂತು ಅಂತ ಆ ಕಂಪನಿಯವರೇ ಕಥೆ ಹೇಳ್ತಾರೆ. (ನಮ್ಮ ಲ್ಯಾಬಿನಲ್ಲಿ ಸೋಲ್ಡರಿಂಗ್ ಐರನ್ ಅಕಸ್ಮಾತ್ ತಾಗಿದಾಗೆಲ್ಲ ಬರೀ ಬೈಗುಳ ಹುಟ್ಟಿದೆ.) ಎಪ್ಸನ್, ಬ್ರದರ್ ಪ್ರಿಂಟರುಗಳಲ್ಲಿ ಇರೋದು ಪೀಜೋ ದಾರಿ. ವೋಲ್ಟೇಜ್ ಕೊಟ್ರೆ ಆಕಾರ ಬದಲಿಸುವ ಹರಳು ಶಾಯಿಯ ಕೋಣೆಯ ಗೋಡೆಯನ್ನು ಒಂಚೂರು ಅದುಮುತ್ತೆ, ಹನಿ ಜಿಗಿಯುತ್ತೆ.

ಎರಡರಲ್ಲೂ ಒಂದು ವಿಷಯ ಸಮಾನ. ಹಿಂದಿನಿಂದ ಯಾವ ಪಂಪೂ ಶಾಯಿಯನ್ನು ಒತ್ತುತ್ತಾ ಇರೋದಿಲ್ಲ. ತದ್ವಿರುದ್ಧವಾಗಿ, ಶಾಯಿ ತಾನಾಗಿ ಸೋರಿಹೋಗಬಾರದು ಅಂತ ಸಣ್ಣಗೆ ಹಿಂದಕ್ಕೇ ಎಳೆದಿಟ್ಟಿರ್ತಾರೆ. ಕಾರ್ಟ್ರಿಜ್‌ನಲ್ಲಿ ಆ ಕೆಲಸ ಸ್ಪಂಜಿನದು. ಪಕ್ಕದಲ್ಲಿ ಟ್ಯಾಂಕ್ ಇರುವ ಪ್ರಿಂಟರಿನಲ್ಲಿ ಟ್ಯಾಂಕಿನ ಶಾಯಿಯ ಮಟ್ಟ ಹೆಡ್‌ಗಿಂತ ಕೆಳಗಿರುತ್ತೆ. ನಾಜಲ್ ಬಾಯಲ್ಲಿ ಶಾಯಿಯ ಒಂದು ಬಾಗಿದ ಪೊರೆ, ಅಂದ್ರೆ ಮೆನಿಸ್ಕಸ್, ಸರ್ಫೇಸ್ ಟೆನ್ಶನ್ ಬಲದಿಂದ ನಿಂತಿರುತ್ತೆ. ಈ ಪೊರೆ ಎಷ್ಟು ಒತ್ತಡ ತಡೆಯುತ್ತೆ? ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಶಾಯಿಯ ಸರ್ಫೇಸ್ ಟೆನ್ಶನ್ ಮೀಟರಿಗೆ 0.03 ನ್ಯೂಟನ್, ತ್ರಿಜ್ಯ 10 ಮೈಕ್ರಾನ್ ಅಂತ ಇಟ್ಟುಕೊಂಡು ಎರಡರಿಂದ ಗುಣಿಸಿ ಭಾಗಿಸಿದ್ರೆ 6000 ಪಾಸ್ಕಲ್. 60 ಸೆಂಟಿಮೀಟರ್ ನೀರಿನ ಕಂಬದಷ್ಟು, ಅಷ್ಟೇ.

ಈಗ ನಮ್ಮ ಸಿರಿಂಜಿಗೆ ಬನ್ನಿ. ಹೆಬ್ಬೆರಳಲ್ಲಿ 20 ನ್ಯೂಟನ್ ಒತ್ತೋದು ಏನೂ ಕಷ್ಟವಲ್ಲ, ಎರಡು ಕೆಜಿ ಭಾರದಷ್ಟು. 10 ಎಂಎಲ್ ಸಿರಿಂಜಿನ ಪಿಸ್ಟನ್ ಒಂದೂವರೆ ಸೆಂಟಿಮೀಟರ್ ಅಗಲ ಇದ್ರೆ ಒಳಗಿನ ಒತ್ತಡ ಒಂದು ಅಟ್ಮಾಸ್ಫಿಯರ್ ದಾಟುತ್ತೆ. ನಾವು ಬಳಸಿದ್ದು 1 ಎಂಎಲ್‌ದು, ಪಿಸ್ಟನ್ ಅರ್ಧ ಸೆಂಟಿಮೀಟರ್. ‘ಚಿಕ್ಕದು, ಮೆಲ್ಲಗೆ ಹೋಗುತ್ತೆ’ ಅಂದುಕೊಂಡಿದ್ವಿ. ಅದರಲ್ಲಿ ಹತ್ತು ಅಟ್ಮಾಸ್ಫಿಯರ್! ಸಿರಿಂಜ್ ಚಿಕ್ಕದಾದಷ್ಟೂ ಒತ್ತಡ ಜಾಸ್ತಿ. ಇದನ್ನು ಹೈಡ್ರಾಲಿಕ್ಸ್ ಪೇಪರಿನಲ್ಲಿ ಬರೆದು ಪಾಸಾದವನೇ ಅವತ್ತು ಒತ್ತಿದ್ದು. 0.06 ಅಟ್ಮಾಸ್ಫಿಯರಿನ ಪ್ರಪಂಚದಲ್ಲಿ ಬದುಕುವ ಹೆಡ್‌ಗೆ ಹತ್ತು ಅಟ್ಮಾಸ್ಫಿಯರ್ ಕೊಟ್ರೆ ಟಿಕ್ ಅನ್ನದೆ ಇನ್ನೇನನ್ನುತ್ತೆ.

ಪಾಕ ಗಟ್ಟಿಯಾಗೋ ಹಾಗೆ

ಶಾಯಿ ಅಂದ್ರೆ ಬಹುಪಾಲು ನೀರು. ಜೊತೆಗೆ ಬಣ್ಣ, ಬೇಗ ಒಣಗದಿರಲಿ ಅಂತ ಗ್ಲಿಸರಾಲ್, ಗ್ಲೈಕಾಲ್ ಥರದ ದ್ರವಗಳು, ಸ್ವಲ್ಪ ಸೋಪಿನಂಥ ಸರ್ಫ್ಯಾಕ್ಟಂಟ್. ನಾಜಲ್ ಬಾಯಿ ಗಾಳಿಗೆ ತೆರೆದಿದ್ರೆ ನೀರು ಆರುತ್ತೆ, ಗ್ಲಿಸರಾಲ್ ಮತ್ತು ಬಣ್ಣ ಉಳಿಯುತ್ತೆ. ಬೆಲ್ಲದ ಪಾಕ ಒಲೆ ಮೇಲಿಟ್ಟ ಹಾಗೆ. ಮೊದಲು ಎಳೆ ಪಾಕ, ಆಮೇಲೆ ಉಂಡೆ ಪಾಕ, ಆಮೇಲೆ ಕಲ್ಲು. ಇಲ್ಲಿ ಬೆಂಕಿ ಇಲ್ಲ, ಟೈಮ್ ಇದೆ, ಫ್ಯಾನ್ ಗಾಳಿ ಇದೆ, ಬೇಸಿಗೆ ಇದೆ.

ಎಳೆ ಪಾಕದ ಹಂತದಲ್ಲಿ ಪ್ರಿಂಟರ್ ತಾನೇ ಸರಿಮಾಡಿಕೊಳ್ಳುತ್ತೆ. ಉಂಡೆ ಪಾಕಕ್ಕೆ ಹೊರಗಿನಿಂದ ನೀರು ಬೇಕು, ಜೊತೆಗೆ ಸಮಯ ಬೇಕು. ಕಲ್ಲಾದ ಮೇಲೆ ಏನಾಗುತ್ತೆ ಅನ್ನೋದು ಶಾಯಿಯ ಜಾತಿ ಮೇಲೆ ಹೋಗುತ್ತೆ. ಡೈ ಇಂಕ್ ಅಂದ್ರೆ ಬಣ್ಣ ನೀರಲ್ಲಿ ಪೂರ್ತಿ ಕರಗಿರುತ್ತೆ, ಸಕ್ಕರೆ ನೀರಿನ ಹಾಗೆ. ಒಣಗಿದ್ರೂ ಮತ್ತೆ ನೀರು ಕೊಟ್ರೆ ಕರಗುತ್ತೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗಿಲ್ಲ, ಸುಮಾರು 0.1 ಮೈಕ್ರಾನಿನ ಕಣಗಳು ತೇಲ್ತಾ ಇರ್ತವೆ, ರಾಗಿ ಅಂಬಲಿಯ ಹಾಗೆ. ಪಾತ್ರೆಗೆ ಅಂಟಿ ಒಣಗಿದ ಅಂಬಲಿಯನ್ನು ತೊಳೆದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಎಷ್ಟೋ ಪ್ರಿಂಟರುಗಳಲ್ಲಿ ಕಪ್ಪು ಪಿಗ್ಮೆಂಟ್, ಮೂರು ಬಣ್ಣ ಡೈ. ನಿಮ್ಮದು ಯಾವುದು ಅಂತ ಇಂಕ್ ಬಾಟಲಿಯ ಡಬ್ಬಿ ಮೇಲೆ ನೋಡಿ, ಇಲ್ಲಾಂದ್ರೆ ಕಂಪನಿಯ ಮಾಹಿತಿ ಹಾಳೆಯಲ್ಲಿ ಸಿಗುತ್ತೆ.

ಈ ಆರುವಿಕೆ ತಡೆಯೋಕೆ ಅಂತಲೇ ಪ್ರಿಂಟರಿನ ಬಲತುದಿಯಲ್ಲಿ ಸಾಮಾನ್ಯವಾಗಿ ಒಂದು ಪಾರ್ಕಿಂಗ್ ಜಾಗ ಇರುತ್ತೆ. ಅಲ್ಲಿ ರಬ್ಬರ್ ಅಂಚಿನ ಒಂದು ಮುಚ್ಚಳ ಹೆಡ್‌ನ ಕೆಳಗಿನಿಂದ ಬಂದು ನಾಜಲ್‌ಗಳನ್ನು ಮುಚ್ಚಿ ತೇವ ಕಾಪಾಡುತ್ತೆ. ಪಕ್ಕದಲ್ಲಿ ಒರೆಸೋಕೆ ಒಂದು ರಬ್ಬರ್ ಪಟ್ಟಿ. ಪವರ್ ಬಟನ್ ಒತ್ತಿ ಆಫ್ ಮಾಡಿದಾಗ ಪ್ರಿಂಟರ್ ಕೂಡಲೇ ಸಾಯದೆ ಎರಡು ಮೂರು ಸೆಕೆಂಡ್ ಗರ್ ಗರ್ ಅನ್ನುತ್ತಲ್ಲ, ಆಗ ನಡೆಯೋದು ಇದೇ. ಹೆಡ್ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೆ.

ನಾವು ಏನು ಮಾಡ್ತಿದ್ವಿ? ಎಕ್ಸ್‌ಟೆನ್ಶನ್ ಬಾಕ್ಸಿನ ಸ್ವಿಚ್ಚೇ ಆಫ್. ಪ್ರಿಂಟ್ ಕೊನೆಯ ಪುಟ ಹೊರಗೆ ಬಿದ್ದ ತಕ್ಷಣ, ಹೆಡ್ ಇನ್ನೂ ದಾರಿಯಲ್ಲಿದ್ದಾಗಲೇ. ಆಮೇಲೆ ಸೆಮ್ ರಜೆ ಬಂತು, ರೂಮಿಗೆ ಬೀಗ ಹಾಕಿ ಊರಿಗೆ ಹೋದ್ವಿ. ನಲವತ್ತು ದಿನ ಅದು ಬಾಯಿ ತೆಗೆದುಕೊಂಡು ಕೂತಿತ್ತು. ಪ್ರಿಂಟಿಂಗ್ ಮಧ್ಯೆ ಕರೆಂಟ್ ಹೋದ್ರೂ ಇದೇ ಕಥೆ. ಕರೆಂಟ್ ಬಂದ ಮೇಲೆ ಒಂದು ಸಲ ಆನ್ ಮಾಡಿ, ಬಟನ್‌ನಲ್ಲೇ ಆಫ್ ಮಾಡಿ ಬಿಡಬೇಕು, ನಾಳೆ ನೋಡಿದ್ರಾಯ್ತು ಅಂತ ಬಿಡಬಾರದು.

ಕ್ಲೀನಿಂಗ್ ಬಟನ್ ಏನು ಮಾಡುತ್ತೆ

ಆ ಮುಚ್ಚಳಕ್ಕೆ ಒಂದು ಸಣ್ಣ ಪಂಪ್ ಸೇರಿಕೊಂಡಿರುತ್ತೆ. ಕ್ಲೀನಿಂಗ್ ಅಂದ್ರೆ ಮುಚ್ಚಳ ಹೆಡ್‌ಗೆ ಒತ್ತಿಕೊಂಡು, ಪಂಪ್ ಶಾಯಿಯನ್ನು ನಾಜಲ್ ಮೂಲಕ ಕೆಳಗೆ ಹೀರುತ್ತೆ. ಆಮೇಲೆ ರಬ್ಬರ್ ಪಟ್ಟಿ ಒರೆಸುತ್ತೆ. ಹೀರಿದ ಶಾಯಿ ಎಲ್ಲಿಗೆ ಹೋಗುತ್ತೆ ಗೊತ್ತಾ? ಪ್ರಿಂಟರಿನ ತಳದಲ್ಲಿರುವ ದಪ್ಪ ಪ್ಯಾಡಿಗೆ, ಇಲ್ಲಾ ಒಂದು ಮೆಂಟೆನೆನ್ಸ್ ಬಾಕ್ಸಿಗೆ. ಅದು ಎಷ್ಟು ತುಂಬಿದೆ ಅಂತ ಪ್ರಿಂಟರ್ ಲೆಕ್ಕ ಇಟ್ಟಿರುತ್ತೆ. ಲೆಕ್ಕ ಮುಗಿದ ದಿನ ಲೈಟ್ ಮಿಣುಕಿಸಿ ಕೆಲಸ ನಿಲ್ಲಿಸುತ್ತೆ. ಅಂದ್ರೆ ನಾವು ಏಳು ಸಲ ಒತ್ತಿದಾಗ ದುಡ್ಡು ಕೊಟ್ಟು ತಂದ ಶಾಯಿಯನ್ನು ಪ್ಯಾಡಿಗೆ ಕುಡಿಸಿದ್ವಿ, ಪ್ಯಾಡಿನ ಆಯುಸ್ಸನ್ನೂ ಕಳೆದ್ವಿ.

ಇಷ್ಟಾಗಿಯೂ ಮಜೆಂಟಾ ಯಾಕೆ ತೆರೆಯಲಿಲ್ಲ? ಇದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಸ್ಟ್ರಾದಲ್ಲಿ ಅಲ್ಲಲ್ಲಿ ತೂತಾಗಿದ್ರೆ ಎಷ್ಟು ಎಳೆದ್ರೂ ಜ್ಯೂಸ್ ಬರಲ್ಲ, ಗಾಳಿ ಬರುತ್ತೆ. ಇಲ್ಲೂ ಹಾಗೇ. ಒಂದೇ ಮುಚ್ಚಳದ ಕೆಳಗೆ ನೂರಾರು ತೆರೆದ ನಾಜಲ್, ಕೆಲವು ಕಟ್ಟಿದ ನಾಜಲ್. ಪಂಪ್ ಎಳೆದಾಗ ತೆರೆದವುಗಳಿಂದ ಶಾಯಿ ಸಲೀಸಾಗಿ ಹರಿದುಬರುತ್ತೆ, ಹಾಗಾಗಿ ಮುಚ್ಚಳದೊಳಗೆ ಗಟ್ಟಿ ನಿರ್ವಾತ ಏಳೋದೇ ಇಲ್ಲ. ಕಟ್ಟಿದ ನಾಜಲ್‌ಗೆ ಬೇಕಾದ ಎಳೆತ ಸಿಗೋದೇ ಇಲ್ಲ. ಪ್ಯಾರಲಲ್ ಸರ್ಕ್ಯೂಟಿನಲ್ಲಿ ಕಡಿಮೆ ರೆಸಿಸ್ಟೆನ್ಸ್ ಇರೋ ಕವಲೇ ಕರೆಂಟೆಲ್ಲ ನುಂಗೋ ಹಾಗೆ. ಮೊದಲ ಎರಡು ಸಲಕ್ಕೆ ಬಿಡದ ಗಡ್ಡೆ ಏಳನೇ ಸಲಕ್ಕೂ ಬಿಡಲ್ಲ.

ಇನ್ನು ಹಳದಿ ಹಾಳಾಗಿದ್ದು ಯಾಕೆ ಅಂದ್ರೆ, ಅದು ಒಣಗಿದ್ದಲ್ಲ, ಗಾಳಿ. ಬಿಡದೆ ಎಳೆದಾಗ ಶಾಯಿ ಬರೋ ವೇಗಕ್ಕಿಂತ ಎಳೆತ ಜಾಸ್ತಿಯಾಗಿ, ಟ್ಯಾಂಕ್ ಮಟ್ಟವೂ ಇಳಿದು, ಗಾಳಿಗುಳ್ಳೆ ಒಳಗೆ ಸೇರುತ್ತೆ. ಪೀಜೋ ಹೆಡ್‌ಗೆ ಗುಳ್ಳೆ ಅಂದ್ರೆ ಆಗಲ್ಲ. ಹರಳು ಗೋಡೆ ಅದುಮಿದಾಗ ಶಾಯಿ ಕುಗ್ಗೋದಿಲ್ಲ, ಹಾಗಾಗಿ ಹೊರಗೆ ಜಿಗಿಯುತ್ತೆ. ಒಳಗೆ ಗುಳ್ಳೆ ಇದ್ರೆ ಗುಳ್ಳೆಯೇ ಕುಗ್ಗಿ ಆ ತಳ್ಳನ್ನು ನುಂಗಿಬಿಡುತ್ತೆ. ಬ್ರೇಕ್ ಲೈನಿನಲ್ಲಿ ಗಾಳಿ ಸೇರಿದ್ರೆ ಪೆಡಲ್ ಮೆತ್ತಗಾಗುತ್ತಲ್ಲ, ಅದೇ. ಇದಕ್ಕೆ ಮದ್ದು ಇನ್ನೊಂದು ಕ್ಲೀನಿಂಗ್ ಅಲ್ಲ, ಸುಮ್ಮನೆ ಬಿಡೋದು. ಎಪ್ಸನ್ ಟ್ಯಾಂಕ್ ಪ್ರಿಂಟರಿನ ಕೈಪಿಡಿಯಲ್ಲೇ ಮೂರು ಸಲ ಕ್ಲೀನ್ ಮಾಡಿಯೂ ಸರಿಹೋಗದಿದ್ರೆ ಕನಿಷ್ಠ 12 ಗಂಟೆ ಪ್ರಿಂಟ್ ಮಾಡದೆ ಬಿಟ್ಟು ಮತ್ತೆ ನೋಡಿ ಅಂತ ಇದೆ. ಸಬ್ಮಿಶನ್ ರಾತ್ರಿ ಆ ಪುಟ ಯಾರು ಓದ್ತಾರೆ ಹೇಳಿ.

ಮೊದಲು ನೋಡಿ, ಆಮೇಲೆ ಕೈ ಹಾಕಿ

‘ನಾಜಲ್ ಚೆಕ್’ ಅಂತ ಒಂದು ಟೆಸ್ಟ್ ಪುಟ ಇರುತ್ತೆ. ಸಣ್ಣ ಸಣ್ಣ ಗೆರೆಗಳ ಮೆಟ್ಟಿಲು, ಒಂದೊಂದು ಗೆರೆ ಒಂದೊಂದು ನಾಜಲ್‌ದು. ಇದಕ್ಕೆ ಖರ್ಚಾಗುವ ಶಾಯಿ ಕ್ಲೀನಿಂಗ್ ಮುಂದೆ ಏನೂ ಅಲ್ಲ. ಇದನ್ನು ಒಂದಲ್ಲ, ಎರಡು ಸಲ ತೆಗೆದು ಪಕ್ಕ ಪಕ್ಕ ಇಡಿ. ಎರಡರಲ್ಲೂ ಅದೇ ಜಾಗದ ಗೆರೆಗಳೇ ಕಾಣೆಯಾಗಿದ್ರೆ ಒಣಗಿದ ಶಾಯಿ. ಕಾಣೆಯಾದ ಜಾಗ ಬದಲಾಗ್ತಾ ಇದ್ರೆ ಗಾಳಿ. ಟೆಸ್ಟ್ ಪುಟ ಚೆನ್ನಾಗಿ ಬಂದು, ದೊಡ್ಡ ಚಿತ್ರ ತೆಗೆಯುವಾಗ ಅರ್ಧದಲ್ಲಿ ಬಣ್ಣ ಮಾಸಿದ್ರೆ ಶಾಯಿ ಸಾಕಷ್ಟು ಬರ್ತಿಲ್ಲ ಅಂತ. ಟ್ಯಾಂಕ್ ಮಟ್ಟ ನೋಡಿ, ಹೊಸದಾಗಿ ಹಾಕಿದ ಕಾರ್ಟ್ರಿಜ್ ಆದ್ರೆ ಗಾಳಿ ಕಿಂಡಿಯ ಮೇಲಿನ ಟೇಪ್ ಕಿತ್ತಿದ್ದೀರಾ ನೋಡಿ. ಗೆರೆ ಇದೆ ಆದ್ರೆ ಓರೆಯಾಗಿದೆ ಅಂದ್ರೆ ನಾಜಲ್ ಅಂಚಿಗೆ ಏನೋ ಅಂಟಿಕೊಂಡು ಹನಿ ದಾರಿ ತಪ್ಪುತ್ತಿದೆ. ಎಲ್ಲ ಗೆರೆ ಸರಿಯಾಗಿವೆ, ಆದರೂ ಫೋಟೋದಲ್ಲಿ ಪಟ್ಟೆ ಪಟ್ಟೆ ಬರ್ತಿದೆ ಅಂದ್ರೆ ಹೆಡ್ ತಪ್ಪಲ್ಲ. ಅಲೈನ್‌ಮೆಂಟ್ ಮಾಡಿ, ಪೇಪರ್ ಸೆಟ್ಟಿಂಗ್ ನೋಡಿ.

ಬಿಳಿ ಹಾಳೆ ಮೇಲೆ ಹಳದಿ ಗೆರೆ ಕಣ್ಣಿಗೆ ಸರಿಯಾಗಿ ಕಾಣಲ್ಲ. ಲೈಟ್ ಆರಿಸಿ, ಫೋನ್ ಸ್ಕ್ರೀನ್ ಪೂರ್ತಿ ನೀಲಿ ಬಣ್ಣ ಮಾಡಿ ಆ ಬೆಳಕಲ್ಲಿ ನೋಡಿ. ಹಳದಿ ಶಾಯಿ ನೀಲಿ ಬೆಳಕನ್ನು ಹೀರಿಕೊಳ್ಳೋದ್ರಿಂದ ಗೆರೆ ಕಪ್ಪಗೆ ಎದ್ದು ಕಾಣುತ್ತೆ.

ಶಾಖದ ಹೆಡ್ ಇರುವವರಿಗೆ ಇನ್ನೊಂದು ಮಾತು. ಒಂದು ಬಣ್ಣ ಬರದೇ ಇದ್ದಾಗಲೂ ‘ಬರೀ ಅಕ್ಷರ ತಾನೇ’ ಅಂತ ಪುಟಗಟ್ಟಲೆ ತೆಗೆಯುತ್ತಾ ಹೋಗಬೇಡಿ. ಹೀಟರ್ ತಣ್ಣಗಿರೋದೇ ಮುಂದೆ ಶಾಯಿ ಹರಿಯೋದ್ರಿಂದ. ಶಾಯಿ ಇಲ್ಲದೆ ಉರಿದ್ರೆ ಸುಟ್ಟೇ ಹೋಗುತ್ತೆ, ಆಮೇಲೆ ಯಾವ ನೀರೂ ಅದನ್ನು ಎಬ್ಬಿಸಲ್ಲ.

ನೀರು ಮತ್ತು ಸಮಯ

ಮರುವರ್ಷ ನಮ್ಮ ಜೂನಿಯರ್‌ಗಳು ಸೆಕೆಂಡ್ ಹ್ಯಾಂಡ್ ಪ್ರಿಂಟರ್ ಒಂದನ್ನು ತಂದ್ರು. ಬೇಸಿಗೆಯೆಲ್ಲ ಬೀಗ ಹಾಕಿದ ಮನೆಯಲ್ಲಿತ್ತಂತೆ. ಕಪ್ಪು ಬಿಟ್ಟು ಬೇರೆ ಏನೂ ಬರ್ತಿರಲಿಲ್ಲ. ಈ ಸಲ ನಮಗೆ ಆತುರ ಇರಲಿಲ್ಲ, ಸಿರಿಂಜನ್ನು ಕೂಡ ಕಪಾಟಿನಿಂದ ತೆಗೆಯಲಿಲ್ಲ.

ಮೊದಲು ಕ್ಲೀನಿಂಗ್ ಎರಡೇ ಸಲ, ಮಧ್ಯೆ ನಾಜಲ್ ಚೆಕ್. ಸಯಾನ್ ಅರ್ಧ ಬಂತು, ಉಳಿದವು ಹಾಗೇ. ರಾತ್ರಿ ಬಿಟ್ವಿ. ಬೆಳಿಗ್ಗೆ ಇನ್ನೊಂದು ಚೆಕ್, ಅದೇ ಜಾಗಗಳು ಖಾಲಿ. ಅಂದ್ರೆ ಒಣಗಿದ ಶಾಯಿ ಅಂತ ಖಾತ್ರಿ.

ಆಮೇಲೆ ಡಿಸ್ಟಿಲ್ಡ್ ವಾಟರ್ ತಂದ್ವಿ. ಬ್ಯಾಟರಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸಿಗುತ್ತೆ. ತಗೊಳ್ಳೋವಾಗ ಲೇಬಲ್ ಓದಿ, ಪಕ್ಕದಲ್ಲೇ ಇಟ್ಟಿರೋ ಬ್ಯಾಟರಿ ಆಸಿಡ್ ತಂದುಬಿಟ್ಟೀರಾ. ನಲ್ಲಿ ನೀರು ಯಾಕೆ ಆಗಲ್ಲ ಅಂದ್ರೆ, ನಮ್ಮ ಹಾಸ್ಟೆಲ್‌ಗಳದ್ದು ಬಹುತೇಕ ಬೋರ್‌ವೆಲ್ ನೀರು, ಗಡಸು. ಬಕೆಟ್ ಅಂಚಿನ ಬಿಳಿ ಕಲೆ ನೋಡಿದ್ರೆ ಗೊತ್ತಾಗುತ್ತೆ. ಆ ಬಿಳಿ ನಾಜಲ್‌ನಲ್ಲೂ ಕೂರುತ್ತೆ. ಅದಕ್ಕಿಂತ ಕೆಟ್ಟದ್ದು ಪಿಗ್ಮೆಂಟಿಗೆ ಆಗೋದು. ಪಿಗ್ಮೆಂಟ್ ಕಣಗಳು ಸಾಮಾನ್ಯವಾಗಿ ಒಂದೇ ಚಾರ್ಜ್ ಹೊತ್ತು ಒಂದನ್ನೊಂದು ದೂರ ತಳ್ಳಿಕೊಂಡು ತೇಲ್ತಿರ್ತವೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಆ ತಳ್ಳಾಟವನ್ನು ನಿಲ್ಲಿಸಿಬಿಡ್ತವೆ. ಕಣಗಳು ಮುದ್ದೆ ಕಟ್ಟಿಕೊಳ್ತವೆ, ಹಾಲಿಗೆ ನಿಂಬೆ ಹಿಂಡಿದ ಹಾಗೆ. ಬ್ಲಾಕ್ ತೆಗೆಯೋಕೆ ಹೋಗಿ ಹೊಸ ಬ್ಲಾಕ್ ಮಾಡಿದಂತೆ. ಬೇರೆ ಬೇರೆ ಕಂಪನಿಯ ಶಾಯಿ ಒಂದೇ ಟ್ಯಾಂಕಿಗೆ ಬೆರೆಸಿದ್ರೂ ಇಂಥದ್ದೇ ಆಗಬಹುದು. ಹ್ಯಾಂಡ್ ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಅದರಲ್ಲಿ ಜೆಲ್ ಇದೆ. ಲ್ಯಾಬಿನ ಐಸೊಪ್ರೊಪೈಲ್ ಆಲ್ಕೋಹಾಲ್ ಬಗ್ಗೆ ಎರಡು ಪಕ್ಷಗಳಿವೆ. ನಾನು ಬೇಡ ಅನ್ನೋ ಪಕ್ಷ. ಕೆಲವು ಪಿಗ್ಮೆಂಟ್ ಶಾಯಿಯನ್ನು ಅದು ಗಟ್ಟಿ ಮಾಡುತ್ತೆ, ರಬ್ಬರಿಗೂ ಒಳ್ಳೆಯದಲ್ಲ, ನೆನೆಸೋ ಮೊದಲೇ ಆರಿಯೂ ಹೋಗುತ್ತೆ.

ಆನ್ ಮಾಡಿ, ಹೆಡ್ ಮನೆ ಬಿಟ್ಟು ಮಧ್ಯಕ್ಕೆ ಬಂದಾಗ ಪ್ಲಗ್ ಕಿತ್ವಿ. ಹಾಗೆ ಪ್ಲಗ್ ಕೀಳೋದಕ್ಕೆ ಅನುಮತಿ ಇರೋದು ಇದೊಂದೇ ಸಂದರ್ಭದಲ್ಲಿ. ಈಗ ಹೆಡ್ ಕೈಯಲ್ಲಿ ಮೆಲ್ಲಗೆ ಸರಿಯುತ್ತೆ. ಸರಿಯದಿದ್ರೆ ಬಲವಂತ ಬೇಡ, ಇನ್ನೂ ಲಾಕ್ ಆಗಿದೆ ಅಂತ ಅರ್ಥ. ಮುಚ್ಚಳದೊಳಗೆ ಮತ್ತು ಅದರ ರಬ್ಬರ್ ಅಂಚಿನ ಮೇಲೆ ಕೆಸರಿನ ಥರ ಶಾಯಿ ಕಟ್ಟಿತ್ತು. ಇಯರ್ ಬಡ್ ಒದ್ದೆ ಮಾಡಿ ಒರೆಸಿದ್ವಿ. ಇದನ್ನು ಎಲ್ಲರೂ ಮರೀತಾರೆ. ಅಂಚು ಕೊಳಕಾಗಿದ್ರೆ ಮುಚ್ಚಳ ಬಿಗಿಯಾಗಿ ಕೂರಲ್ಲ, ಪಂಪ್ ಬರೀ ಗಾಳಿ ಹೀರುತ್ತೆ, ಹೆಡ್ ರಾತ್ರಿಯೆಲ್ಲ ಒಣಗುತ್ತೆ. ಎಷ್ಟೋ ಸಲ ಕಾಯಿಲೆ ಹೆಡ್‌ನಲ್ಲಿ ಇರೋದೇ ಇಲ್ಲ, ಮುಚ್ಚಳದಲ್ಲಿರುತ್ತೆ.

ಆಮೇಲೆ ಟಿಶ್ಯೂ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿ, ಹೆಡ್ ಓಡಾಡುವ ದಾರಿಯಲ್ಲಿ ಇಟ್ಟು, ಅದರ ಮೇಲೆ ಹೆಡ್ ಬರೋ ಹಾಗೆ ಸರಿಸಿದ್ವಿ. ನೀರು ತೊಟ್ಟಿಕ್ಕಬಾರದು, ಒದ್ದೆ ಇದ್ರೆ ಸಾಕು. ಹೆಡ್ ಹಿಂದೆ ಎಡದಿಂದ ಬಲಕ್ಕೆ ಹೋಗಿರೋ ತೆಳು ಪ್ಲಾಸ್ಟಿಕ್ ಪಟ್ಟಿ ಮುಟ್ಟಬೇಡಿ. ಹೆಡ್ ಎಲ್ಲಿದೆ ಅಂತ ಪ್ರಿಂಟರ್ ಓದಿಕೊಳ್ಳೋದು ಅದರಿಂದ. ಒಂದು ಬೆರಳಚ್ಚು ಬಿದ್ರೂ ಅಕ್ಷರ ಅಡ್ಡಾದಿಡ್ಡಿ ಆಗಬಹುದು.

ಒಂದು ರಾತ್ರಿ ಹಾಗೇ ಬಿಟ್ವಿ. ಬೆಳಿಗ್ಗೆ ಟಿಶ್ಯೂ ತೆಗೆದಾಗ ಮೂರು ಬಣ್ಣದ ಪಟ್ಟೆ ಮೂಡಿತ್ತು, ಮಜೆಂಟಾ ಮಾತ್ರ ತುಂಬಾ ತೆಳ್ಳಗೆ. ಆನ್ ಮಾಡಿ ಒಂದು ಕ್ಲೀನಿಂಗ್, ಒಂದು ಚೆಕ್. ಸಯಾನ್ ಪೂರ್ತಿ, ಹಳದಿ ಪೂರ್ತಿ, ಮಜೆಂಟಾದಲ್ಲಿ ಹತ್ತಾರು ಗೆರೆ ಇಲ್ಲ. ಇನ್ನೊಂದು ರಾತ್ರಿ ಅದೇ ಪೂಜೆ. ಮೂರನೇ ದಿನ ಎರಡು ಗೆರೆ ಮಾತ್ರ ಬಾಕಿ. ಅವು ಇವತ್ತಿಗೂ ಬಂದಿಲ್ಲ, ಅವಿಲ್ಲ ಅಂತ ಯಾವ ಗ್ರಾಫಿಗೂ ಗೊತ್ತಾಗಿಲ್ಲ. ಪಿಗ್ಮೆಂಟ್ ಶಾಯಿ ಆಗಿದ್ರೆ ಇಷ್ಟು ಸುಲಭಕ್ಕೆ ಒಪ್ಪಿಕೊಳ್ತಿರಲಿಲ್ಲ ಅನ್ನೋದನ್ನೂ ಹೇಳಿಬಿಡಬೇಕು.

ಕಾರ್ಟ್ರಿಜ್‌ನಲ್ಲೇ ಹೆಡ್ ಸೇರಿಕೊಂಡಿರುವ ಪ್ರಿಂಟರ್ ನಿಮ್ಮದಾಗಿದ್ರೆ ನೀವು ಪುಣ್ಯವಂತರು. ಹೊರಗೆ ತೆಗೆದು, ಒದ್ದೆ ಟಿಶ್ಯೂ ಮೇಲೆ ನಾಜಲ್ ಕೆಳಗೆ ಮಾಡಿ ಐದು ನಿಮಿಷ ಕೂರಿಸಿ, ಮೆತ್ತಗೆ ಒತ್ತಿ ತೆಗೀರಿ. ಉಜ್ಜಬೇಡಿ. ತಾಮ್ರದ ಬಣ್ಣದ ಕಾಂಟ್ಯಾಕ್ಟ್‌ಗಳಿಗೆ ನೀರು ತಾಗಿಸಬೇಡಿ. ಬಣ್ಣದ ಗುರುತು ಬಂದ್ರೆ ಜೀವ ಇದೆ. ಬರದಿದ್ರೆ ಹೊಸ ಕಾರ್ಟ್ರಿಜ್ ಜೊತೆ ಹೊಸ ಹೆಡ್ಡೂ ಬರುತ್ತೆ. ಇನ್ನು ಪ್ರಿಂಟರ್ ವಾರಂಟಿಯಲ್ಲಿದ್ರೆ ಇಲ್ಲಿ ಬರೆದದ್ದನ್ನೆಲ್ಲ ಓದಿ ಬದಿಗಿಟ್ಟು ಮೊದಲು ಸರ್ವಿಸ್ ಸೆಂಟರಿಗೆ ಹೋಗಿ.

ಜೆರಾಕ್ಸ್ ಅಂಗಡಿಯ ಊದಿನಕಡ್ಡಿ

ಆ ಸಬ್ಮಿಶನ್ ಬೆಳಿಗ್ಗೆ ಕೊನೆಗೆ ನಾವು ಹೋಗಿ ನಿಂತದ್ದು ಗೇಟ್ ಎದುರಿನ ಜೆರಾಕ್ಸ್ ಅಂಗಡಿಯ ಕ್ಯೂನಲ್ಲೇ. ಕಲರ್ ಪುಟಕ್ಕೆ ಹತ್ತು ರೂಪಾಯಿ, ನಾಲ್ಕು ಕಾಪಿ. ಅಣ್ಣ ನಮ್ಮ ಕೈಮೇಲಿನ ಮಜೆಂಟಾ ಕಲೆ ನೋಡಿ ಎರಡೇ ಪ್ರಶ್ನೆ ಕೇಳಿದ್ರು. “ಕೊನೇ ಸಲ ಯಾವಾಗಪ್ಪ ಪ್ರಿಂಟ್ ತೆಗೆದಿದ್ದು? ಆಫ್ ಹೆಂಗೆ ಮಾಡ್ತೀರಾ?” ಎರಡಕ್ಕೂ ಉತ್ತರ ಹೇಳಿದ ಮೇಲೆ ಅವರು ಇನ್ನೇನೂ ಹೇಳಲಿಲ್ಲ, ನಕ್ಕರು.

ಅವರ ಇಂಕ್‌ಜೆಟ್ ಯಾಕೆ ಕಟ್ಟಲ್ಲ ಅಂತ ಆಮೇಲೆ ಗಮನಿಸಿದ್ವಿ. ಬೆಳಿಗ್ಗೆ ಶಟರ್ ತೆಗೆದು, ಊದಿನಕಡ್ಡಿ ಹಚ್ಚಿ, ಮೊದಲ ಗಿರಾಕಿ ಬರೋ ಮುಂಚೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೀತಾರೆ. ಅಷ್ಟೇ. ಹೊಸ ಶಾಯಿ ಪ್ರತಿ ನಾಜಲ್ ಬಾಯಿಗೂ ಬಂದು ಹಳೆಯ ಎಳೆ ಪಾಕವನ್ನು ಹೊರಗೆ ಹಾಕುತ್ತೆ. ಮನೆ, ರೂಮಿಗೆ ದಿನಾ ಬೇಕಿಲ್ಲ, ವಾರಕ್ಕೊಂದು ಸಾಕು. ಆದ್ರೆ ಬಣ್ಣದ್ದೇ ಆಗಬೇಕು. ತಿಂಗಳುಗಟ್ಟಲೆ ಬರೀ ಲ್ಯಾಬ್ ರೆಕಾರ್ಡಿನ ಕಪ್ಪು ಅಕ್ಷರ ತೆಗೆದ್ರೆ ಮೂರು ಬಣ್ಣ ಕೂತಲ್ಲೇ ಒಣಗ್ತವೆ. ಅವರ ಪ್ರಿಂಟರ್ ಫ್ಯಾನ್ ಗಾಳಿಗೆ, ಬಿಸಿಲಿಗೆ ದೂರ, ಮೇಲೆ ಒಂದು ಹಳೇ ಟವೆಲ್. ಊರೂ ಲೆಕ್ಕಕ್ಕೆ ಬರುತ್ತೆ. ಮಂಗಳೂರಿನ ತೇವದಲ್ಲಿ ತಿಂಗಳು ತಡೆದದ್ದು ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ತಡೆಯುತ್ತೆ ಅಂತ ನಂಬಬೇಡಿ.

ಸೆಮ್‌ಗೆ ಎರಡೇ ಸಲ ಪ್ರಿಂಟ್ ಬೇಕಾಗೋರು ಇಂಕ್‌ಜೆಟ್ ತಗೊಳ್ಳಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ಕಪ್ಪು ಬಿಳುಪಿನ ಲೇಸರ್ ಪ್ರಿಂಟರಿನಲ್ಲಿ ಇರೋದು ಒಣ ಪುಡಿ, ಅದಕ್ಕೆ ಒಣಗೋ ಭಯ ಇಲ್ಲ. ಕಲರ್ ಪುಟಕ್ಕೆ ಅಣ್ಣನ ಅಂಗಡಿ ಇದೆ.

ಜೂನಿಯರ್‌ಗಳ ಪ್ರಿಂಟರ್ ಈ ರಜೆಗೆ ರೂಮಲ್ಲಿ ಉಳಿಯಲಿಲ್ಲ. ಬಟನ್‌ನಲ್ಲಿ ಆಫ್ ಮಾಡಿ, ಹೆಡ್ ಮನೆ ಸೇರಿದ್ದು ನೋಡಿ, ಟ್ಯಾಂಕ್ ಮುಚ್ಚಳ ಬಿಗಿ ಮಾಡಿ, ಓರೆಯಾಗದ ಹಾಗೆ ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಇದೇ ಊರಿನ ಡೇ ಸ್ಕಾಲರ್ ಒಬ್ಬನ ಮನೆಗೆ ಬಿಟ್ಟುಬಂದ್ರು. ಅವನ ತಂಗಿ ಪ್ರತಿ ಭಾನುವಾರ ಒಂದು ಬಣ್ಣದ ರಂಗೋಲಿ ಪ್ರಿಂಟ್ ತೆಗೆದು ಗ್ರೂಪಿಗೆ ಫೋಟೋ ಹಾಕ್ತಾಳೆ. ಮೊನ್ನೆಯದರಲ್ಲೂ ಕೆಂಪು ಕೆಂಪಾಗೇ ಇತ್ತು.